ನಿಂತ ಕಾರಿಗೂ ಬೇಕು ಆರೈಕೆ

ಓಡುವ ಕಾರನ್ನು ಎಲ್ಲರೂ ನಿಂತು ನೋಡುತ್ತಾರೆ. ನಿಂತುಹೋದ ಕಾರಿನತ್ತ ತಿರುಗಿ ನೋಡುವವರು ಕಡಿಮೆ. ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪ್ ಹಿಂದಿನ ಶೆಡ್ಡುಗಳಲ್ಲಿ ಇಂಥ ಪುಟ್ಟ ರೇಸ್ ಕಾರುಗಳು ಮೂಲೆ ಸೇರಿರುವುದುಂಟು. ವರ್ಷವಿಡೀ ನಿದ್ದೆಗೆಟ್ಟು ವಿದ್ಯಾರ್ಥಿಗಳೇ ಕಟ್ಟಿದ ಕಾರು, ಎಂಜಿನ್ ಕೆಟ್ಟು ನಿಂತ ಮೇಲೆ ಎರಡೇ ಮಳೆಗಾಲದಲ್ಲಿ ಗುಜರಿಯ ಪಾಲಾಗುತ್ತದೆ. ಅದನ್ನು ಕೆಡಿಸಿದ್ದು ಓಟವಲ್ಲ, ಓಟ ಮುಗಿದ ನಂತರದ ಉದಾಸೀನ.

ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ, ಬೆಸುಗೆ ಹಾಕಿ ಕಟ್ಟಿದ ಕಾರುಗಳ ಸ್ಪರ್ಧೆ 1981ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ‘ಫಾರ್ಮುಲಾ ಎಸ್ಎಇ’ ಎಂಬ ಹೆಸರಿನಲ್ಲಿ ಆರಂಭವಾಯಿತು. 1998ರಲ್ಲಿ ಬ್ರಿಟನ್ನಿಗೆ ಬಂದು ‘ಫಾರ್ಮುಲಾ ಸ್ಟೂಡೆಂಟ್’ ಎನಿಸಿತು. ಭಾರತದಲ್ಲಿ 2011ರಲ್ಲಿ ‘ಸುಪ್ರಾ’ ಸ್ಪರ್ಧೆ ಶುರುವಾಯಿತು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿನಲ್ಲಿ ‘ಫಾರ್ಮುಲಾ ಭಾರತ್’ ನಡೆಯುತ್ತ ಬಂದಿದೆ. ಕರ್ನಾಟಕದ ಹಲವು ಕಾಲೇಜುಗಳ ತಂಡಗಳೂ ಇವುಗಳಲ್ಲಿ ಭಾಗವಹಿಸಿವೆ.

ಈ ಸ್ಪರ್ಧೆಗಳ ಕೊನೆಯ ಪರೀಕ್ಷೆ ಸುಮಾರು 22 ಕಿ.ಮೀ. ದೂರದ ಸಹನಶಕ್ತಿಯ ಓಟ. ಅದನ್ನು ಮುಗಿಸಲಾಗದೆ ನಡುವೆಯೇ ನಿಲ್ಲುವ ಕಾರುಗಳು ಅಪರೂಪವಲ್ಲ. ಆಗ ಆ ತಂಡದ ಮುಂದೆ ಇನ್ನೊಂದು ಪರೀಕ್ಷೆ ಇರುತ್ತದೆ. ಸ್ವಂತ ಬಲದಿಂದ ಒಂದಡಿಯೂ ಕದಲದ ಕಾರನ್ನು ಲಾರಿಗೇರಿಸಿ, ನೂರಾರು ಕಿ.ಮೀ. ಸಾಗಿಸಿ, ಮುಂದಿನ ವರ್ಷದವರೆಗೆ ಕೆಡದಂತೆ ಇಡಬೇಕು. ಇದಕ್ಕೆ ಅಂಕಗಳಿಲ್ಲ. ಆದರೆ ಶಾಲೆಯಲ್ಲಿ ಕಲಿತ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆರಡೂ ಇಲ್ಲಿ ಒಟ್ಟಿಗೆ ಕೆಲಸಕ್ಕೆ ಬರುತ್ತವೆ.

ಮೊದಲು ಬೆಂಕಿಯ ಭಯ ನೀಗಲಿ

ಕಾರು ಓಡುತ್ತಿಲ್ಲ ಎಂದಮಾತ್ರಕ್ಕೆ ಅದು ನಿರುಪದ್ರವಿಯಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್, ಬ್ಯಾಟರಿಯಲ್ಲಿ ವಿದ್ಯುತ್ ಹಾಗೆಯೇ ಇರುತ್ತವೆ. ಇವೆರಡನ್ನೂ ಬೇರ್ಪಡಿಸುವುದೇ ಮೊದಲ ಕೆಲಸ.

ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಕಾರಣ ಸರಳ. ಕಾರಿನ ಉಕ್ಕಿನ ಚೌಕಟ್ಟು ಸಾಮಾನ್ಯವಾಗಿ ಋಣ ತುದಿಗೆ ಜೋಡಣೆಯಾಗಿರುತ್ತದೆ. ಧನ ತುದಿಯನ್ನು ಮೊದಲು ಬಿಚ್ಚಹೊರಟರೆ, ಸ್ಪ್ಯಾನರ್ ಆಕಸ್ಮಿಕವಾಗಿ ಚೌಕಟ್ಟಿಗೆ ತಗುಲಿದ ಕೂಡಲೇ ವಿದ್ಯುನ್ಮಂಡಲ ಪೂರ್ಣಗೊಂಡು ಕಿಡಿ ಹಾರುತ್ತದೆ. ಋಣ ತಂತಿ ಮೊದಲೇ ಕಳಚಿದ್ದರೆ ಆ ಅಪಾಯವಿಲ್ಲ. ವಿದ್ಯುತ್ ಚಾಲಿತ ಕಾರುಗಳ ಮಾತು ಬೇರೆ. ಅವುಗಳ ಬ್ಯಾಟರಿ ಪೆಟ್ಟಿಗೆಯಲ್ಲಿ ನೂರಾರು ವೋಲ್ಟ್ ಇರುವುದರಿಂದ, ತರಬೇತಾದವರು ರಬ್ಬರ್ ಕೈಗವಸು ತೊಟ್ಟೇ ಮುಟ್ಟಬೇಕು.

ಬ್ಯಾಟರಿ ಹೊರಬಂದ ಮೇಲೆ ಪೆಟ್ರೋಲಿನ ಸರದಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೀಗಾಗಿ ಅದು ಮೇಲೇರಿ ಚದುರದೆ, ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದೂರದಲ್ಲಿರುವ ಒಂದು ಬೀಡಿಯ ಕಿಡಿಯೂ ಅದಕ್ಕೆ ಸಾಕು. ಆದ್ದರಿಂದ ಟ್ಯಾಂಕ್ ಖಾಲಿ ಮಾಡುವುದು ಬಯಲಿನಲ್ಲೇ ಆಗಬೇಕು. ಪೆಟ್ರೋಲಿಗೆಂದೇ ಮಾಡಿದ ಮುಚ್ಚಳದ ಡಬ್ಬಿ ಬಳಸಬೇಕೇ ಹೊರತು ಪ್ಲಾಸ್ಟಿಕ್ ಬಕೆಟ್ ಅಲ್ಲ.

ಖಾಲಿ ಮಾಡಲು ಇನ್ನೊಂದು ಕಾರಣವೂ ಇದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರಿ ಲೋಹವನ್ನು ತಿನ್ನುತ್ತವೆ. ಇತ್ತ ಪೆಟ್ರೋಲ್ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಅಂಟಾಗಿ, ಇಂಧನ ಚಿಮ್ಮುವ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಓಡುವ ಕಾರಾದರೆ ಹಳೆಯ ಪೆಟ್ರೋಲನ್ನು ಉರಿಸಿ ಮುಗಿಸಬಹುದು. ನಿಂತ ಕಾರಿಗೆ ಆ ದಾರಿಯಿಲ್ಲ.

ಲಾರಿ ಏರುವ ಲೆಕ್ಕ

ಕಾರಿನ ತೂಕ 250 ಕಿಲೋ, ಲಾರಿಯ ಹಲಗೆ ನೆಲದಿಂದ 1 ಮೀಟರ್ ಎತ್ತರ ಎಂದಿಟ್ಟುಕೊಳ್ಳೋಣ. 4 ಮೀಟರ್ ಉದ್ದದ ಇಳಿಜಾರು ಹಲಗೆ ಹಾಕಿದರೆ, ಘರ್ಷಣೆ ಬಿಟ್ಟು, 250ರ ನಾಲ್ಕನೇ ಒಂದು ಭಾಗ, ಅಂದರೆ 63 ಕಿಲೋ ತೂಕಕ್ಕೆ ಸಮನಾದ ಬಲ ಸಾಕು. ಇಬ್ಬರು ಮೂವರು ತಳ್ಳಬಹುದು. ಇದು ಹೈಸ್ಕೂಲಿನ ಇಳಿಜಾರು ತಲದ ಪಾಠ.

ಆದರೆ ರೇಸ್ ಕಾರಿನಲ್ಲೊಂದು ತೊಡಕಿದೆ. ಅದರ ಹೊಟ್ಟೆ ನೆಲಕ್ಕೆ ತೀರಾ ಹತ್ತಿರ. ನೆಲದಿಂದ 30 ಮಿಲಿಮೀಟರ್ ಅಂತರವಿರುವ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 1525 ಮಿ.ಮೀ. ದೂರವಿರುವ ಕಾರು, ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ಅಂಚಿನಲ್ಲಿ ಸುಮಾರು 4.5 ಡಿಗ್ರಿಯಷ್ಟು ತಿರುವನ್ನು ಮಾತ್ರ ದಾಟಬಲ್ಲದು. 4 ಮೀಟರ್ ಹಲಗೆಯ ಓರೆ 14 ಡಿಗ್ರಿಗೂ ಹೆಚ್ಚು. ಹೊಟ್ಟೆ ಅಂಚಿಗೆ ತಗುಲಿ ಕಾರು ತಕ್ಕಡಿಯಂತೆ ತೂಗಾಡುತ್ತದೆ. ಹಲಗೆಯಿಂದಲೇ ಇದನ್ನು ಸರಿಪಡಿಸಬೇಕಾದರೆ 12 ಮೀಟರಿಗೂ ಉದ್ದದ ಹಲಗೆ ಬೇಕು! ಅದಕ್ಕಿಂತ ಎಂಟು ಮಂದಿ ಸುತ್ತ ನಿಂತು, ಒಬ್ಬರು ಎಣಿಕೆ ಹೇಳಿ, ಚೌಕಟ್ಟನ್ನು ಹಿಡಿದು ಒಟ್ಟಿಗೆ ಎತ್ತುವುದು ಮೇಲು. ಒಬ್ಬೊಬ್ಬರ ಪಾಲಿಗೆ 31 ಕಿಲೋ ಬರುತ್ತದೆ.

ದೊಡ್ಡ ಕಾರಾದರೆ ಹೀಗೆ ಎತ್ತಲಾಗದು, ವಿಂಚಿನಿಂದಲೇ ಎಳೆಯಬೇಕು. ಅಲ್ಲಿ ಎರಡು ಎಚ್ಚರಿಕೆಗಳು. ಮನೆಗಳಲ್ಲಿರುವ ಕಾರುಗಳ ಬ್ರೇಕಿಗೆ ಎಂಜಿನ್ ಚಾಲನೆಯಲ್ಲಿದ್ದಾಗ ಹೆಚ್ಚುವರಿ ಬಲ ದೊರೆಯುತ್ತದೆ. ಎಂಜಿನ್ ನಿಂತರೆ ಪೆಡಲ್ ಕಲ್ಲಿನಂತಾಗುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಬ್ರೇಕೊಂದನ್ನೇ ನಂಬದೆ, ಹೆಜ್ಜೆ ಹೆಜ್ಜೆಗೂ ಚಕ್ರದ ಹಿಂದೆ ಮರದ ಬೆಣೆ ಕೊಡುತ್ತ ಹೋಗಬೇಕು. ಎರಡನೆಯದು, ಕಾರಿನ ಹಿಂದೆ ಯಾರೂ ನಿಲ್ಲಬಾರದು, ಎಳೆಯುವ ಹಗ್ಗದ ನೇರಕ್ಕೂ ನಿಲ್ಲಬಾರದು. ಬಿಗಿದ ಹಗ್ಗ ತುಂಡಾದರೆ ಅದರಲ್ಲಿ ಅಡಗಿದ್ದ ಶಕ್ತಿಯೆಲ್ಲ ಒಂದೇ ಏಟಿಗೆ ಹೊರಬೀಳುತ್ತದೆ.

ಜಾಮ್ ಆದ ಎಂಜಿನ್ನಿನ ಕಾರು ಗೇರಿನಲ್ಲೇ ಸಿಕ್ಕಿಕೊಂಡಿದ್ದರೆ ತಳ್ಳಿದರೂ ಉರುಳದು. ವಿದ್ಯಾರ್ಥಿಗಳ ಕಾರುಗಳಲ್ಲಿ ಸಾಮಾನ್ಯವಾಗಿ ಮೋಟಾರ್ ಸೈಕಲ್ ಎಂಜಿನ್ ಮತ್ತು ಚೈನ್ ಇರುತ್ತವೆ. ಚೈನ್ ಕಳಚಿದರೆ ಚಕ್ರ ಸಲೀಸಾಗಿ ತಿರುಗುತ್ತದೆ.

ನ್ಯೂಟನ್ನನ ಕಟ್ಟು

ಲಾರಿ ಜೋರಾಗಿ ಬ್ರೇಕ್ ಹಾಕಿದರೆ ಕಾರು ಮುಂದಕ್ಕೇ ಹೋಗಬಯಸುತ್ತದೆ. ನ್ಯೂಟನ್ನನ ಮೊದಲ ನಿಯಮ ಲಾರಿಯಲ್ಲೂ ಜಾರಿಯಲ್ಲಿದೆ. ಸರಕು ಕಟ್ಟುವವರು ಮುಂದಿನ ದಿಕ್ಕಿಗೆ ಗುರುತ್ವದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲವನ್ನೂ ಪಕ್ಕಕ್ಕೆ ಅರ್ಧದಷ್ಟು ಬಲವನ್ನೂ ಕಟ್ಟು ತಾಳಬೇಕೆಂದು ಲೆಕ್ಕ ಹಾಕುತ್ತಾರೆ. 250 ಕಿಲೋ ಕಾರಿಗೆ ಮುಂದಕ್ಕೆ 200 ಕಿಲೋ ತೂಕದಷ್ಟು ಎಳೆತ. ಪೆಟ್ಟಿಗೆಯಾಗಿದ್ದರೆ ತಳದ ಘರ್ಷಣೆಯಾದರೂ ಸ್ವಲ್ಪ ತಡೆಯುತ್ತಿತ್ತು. ಕಾರಿಗೆ ಚಕ್ರಗಳಿರುವುದರಿಂದ ಆ ನೆರವು ಇಲ್ಲವೇ ಇಲ್ಲ ಎನ್ನಬಹುದು.

ಹಿಂದಕ್ಕೆ ಎಳೆದು ಕಟ್ಟಿದ ಎರಡು ಪಟ್ಟಿಗಳು ಈ ಬಲ ತಾಳಬೇಕು. ಪಟ್ಟಿ ಹಲಗೆಯೊಡನೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೂ ಸುಮಾರು 115 ಕಿಲೋ ಎಳೆತ ಬೀಳುತ್ತದೆ. 60 ಡಿಗ್ರಿಯಷ್ಟು ನೆಟ್ಟಗಾದರೆ ಅದೇ ಎಳೆತ 200 ಕಿಲೋ. ಅಂದರೆ ಪಟ್ಟಿ ಓರೆಯಾಗಿ ಉದ್ದಕ್ಕೆ ಹೋದಷ್ಟೂ ಒಳ್ಳೆಯದು. ನಾಲ್ಕು ಮೂಲೆಗೂ ಪಟ್ಟಿ ಬೇಕು. ನೈಲಾನ್ ಹಗ್ಗ ಹಿಗ್ಗುತ್ತದೆ, ಆದ್ದರಿಂದ ತೂಕ ನಮೂದಿಸಿದ ಪಾಲಿಯೆಸ್ಟರ್ ಪಟ್ಟಿಯೇ ಸರಿ.

ಕಟ್ಟುವ ಜಾಗವೂ ಮುಖ್ಯ. ಚಕ್ರ ಹಿಡಿಯುವ ತೆಳು ಕೊಳವೆಗಳು ಉದ್ದಕ್ಕೆ ಎಳೆದರೆ ಗಟ್ಟಿ, ನಡುವೆ ಅಡ್ಡ ಎಳೆದರೆ ಬಾಗುತ್ತವೆ. ಚೌಕಟ್ಟಿಗೆ ಮಾತ್ರ ಪಟ್ಟಿ ಬಿಗಿದರೆ, ಹಳ್ಳದಲ್ಲಿ ಸ್ಪ್ರಿಂಗ್ ಕುಗ್ಗಿದಾಗ ಪಟ್ಟಿ ಸಡಿಲಾಗುತ್ತದೆ. ಚಕ್ರಗಳನ್ನೇ ಸುತ್ತಿ ಕಟ್ಟಿದರೆ ಈ ತೊಂದರೆಯಿಲ್ಲ. ಹೊರಟು 30-40 ಕಿ.ಮೀ. ಆದ ಮೇಲೆ ಒಮ್ಮೆ ಇಳಿದು ಬಿಗಿ ನೋಡಲೇಬೇಕು. ಕಾರಿನ ಪಕ್ಕದಲ್ಲಿ, ಲಾರಿಯ ಹಿಂಭಾಗದಲ್ಲಿ ಕುಳಿತು ಬರುವ ಹುಡುಗಾಟವಂತೂ ಖಂಡಿತ ಬೇಡ.

ನೀರು, ಗಾಳಿ, ಕಾಲ

ಕಾಲೇಜು ತಲುಪಿದ ಮೇಲೆ ನಿಧಾನದ ಶತ್ರುಗಳು ಎದುರಾಗುತ್ತಾರೆ. ಕೂಲಂಟ್ ಟ್ರ್ಯಾಕಿಗೆ ಚೆಲ್ಲಿದರೆ ಹಿಂದಿನ ಕಾರು ಜಾರೀತೆಂದು ಈ ಸ್ಪರ್ಧೆಗಳಲ್ಲಿ ಎಂಜಿನ್ ತಂಪಿಗೆ ಬರೀ ನೀರನ್ನೇ ತುಂಬಿರುತ್ತಾರೆ. ತುಕ್ಕು ತಡೆಯುವ ರಾಸಾಯನಿಕ ಅದರಲ್ಲಿಲ್ಲ. ಆದ್ದರಿಂದ ನೀರನ್ನು ಪೂರ್ತಿ ಬಸಿದು, ಗಾಳಿ ಊದಿ ಒಣಗಿಸಬೇಕು. ಎಂಜಿನ್ ಆಯಿಲ್‌ನಲ್ಲಿ ಉರಿಯುವಿಕೆಯಿಂದ ಹುಟ್ಟಿದ ಆಮ್ಲಗಳಿರುವುದರಿಂದ ಅದನ್ನೂ ಬಸಿಯಬೇಕು. ಬಸಿದ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಎಂಜಿನ್ ಏಕೆ ನಿಂತಿತೆಂಬ ಪ್ರಶ್ನೆಗೆ ಅದೂ ಒಂದು ಸುಳಿವು.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಬಿಟ್ಟು, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಒಳಗೋಡೆಗೆ ಆಯಿಲ್‌ನ ಪೊರೆ ಹಿಡಿಯುತ್ತದೆ. ತಿರುಗದಿದ್ದರೆ ಬಲಪ್ರಯೋಗ ಬೇಡ. ಗಾಳಿ ಒಳಹೋಗುವ, ಹೊಗೆ ಹೊರಬರುವ ಬಾಯಿಗಳನ್ನು ಮುಚ್ಚಿ, ಕೆಂಪು ಬಟ್ಟೆ ಕಟ್ಟಿರಬೇಕು. ಮುಂದೆ ಸ್ಟಾರ್ಟ್ ಮಾಡುವವರಿಗೆ ಅದು ಕಾಣಬೇಕು.

ಬ್ರೇಕ್ ಆಯಿಲ್ ಕೂಡ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ. ಶೇ. 3.7ರಷ್ಟು ನೀರು ಸೇರಿದಾಗಿನ ಕನಿಷ್ಠ ಮಟ್ಟ 155 ಡಿಗ್ರಿ. ಕುದ್ದ ದ್ರವದಲ್ಲಿ ಗುಳ್ಳೆ ಎದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. ವರ್ಷ ನಿಂತ ಕಾರನ್ನು ಮತ್ತೆ ಓಡಿಸುವ ಮುನ್ನ ಇದನ್ನು ಬದಲಿಸದಿದ್ದರೆ ಪ್ರಾಣಕ್ಕೇ ಸಂಚಕಾರ.

ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಟೈರ್ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಟೈರುಗಳನ್ನು ಬಿಸಿಲು ತಾಗದ ಕಡೆ ಇಡಬೇಕು. ಹೊದಿಕೆ ಬಟ್ಟೆಯದಿರಲಿ, ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಹಿಡಿದು, ರಾತ್ರಿ ತಂಪಿಗೆ ಲೋಹದ ಮೇಲೆ ಇಬ್ಬನಿ ಕೂರಿಸುತ್ತದೆ. ಸುರತ್ಕಲ್‌ನಂಥ ಕಡಲಂಚಿನ ಊರುಗಳಲ್ಲಿ ಗಾಳಿಯ ಉಪ್ಪೂ ಸೇರುವುದರಿಂದ ತುಕ್ಕು ಇನ್ನೂ ಚುರುಕು. ಲೆಡ್ ಆಸಿಡ್ ಬ್ಯಾಟರಿಯನ್ನು ತಿಂಗಳಿಗೊಮ್ಮೆ ನೋಡಿ, 12.4 ವೋಲ್ಟಿಗಿಂತ ಇಳಿದರೆ ಚಾರ್ಜ್ ಮಾಡಬೇಕು. ಇಲ್ಲವಾದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ.

ಬೋಲ್ಟಿನ ಜೊತೆ ಬರಹವೂ ಇರಲಿ

ಇಷ್ಟೆಲ್ಲ ಮಾಡಿಯೂ ಒಂದು ಕೆಲಸ ಬಿಟ್ಟರೆ ಶ್ರಮ ವ್ಯರ್ಥವಾಗುತ್ತದೆ. ಕಾರು ಕಟ್ಟಿದವರು ಪದವಿ ಪಡೆದು ಹೋಗುತ್ತಾರೆ, ಕಾರು ಮಾತ್ರ ಉಳಿಯುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಎಲ್ಲಿಯವು ಎಂದು ಬರೆಯಬೇಕು. ಎಂಜಿನ್ ಯಾವಾಗ, ಯಾವ ಸದ್ದಿನೊಡನೆ ನಿಂತಿತು, ಏನನ್ನು ಬಸಿದಾಗಿದೆ, ಏನನ್ನು ಮುಚ್ಚಿದೆ, ಏನು ಬದಲಿಸಬೇಕು, ಎಲ್ಲವೂ ದಿನಾಂಕದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿರಬೇಕು. ಅದಿದ್ದರೆ ಕಿರಿಯರಿಗೆ ಅದೊಂದು ಪಾಠದ ಕಾರು. ಇಲ್ಲದಿದ್ದರೆ ತೂಕಕ್ಕೆ ಮಾರುವ ಕಬ್ಬಿಣ.

ಮಕ್ಕಳು ಸ್ಪರ್ಧೆಯಿಂದ ಮರಳಿದಾಗ ‘ಗೆದ್ದಿರಾ?’ ಎಂದು ಕೇಳುವುದು ಸಹಜ. ಅದರೊಂದಿಗೆ ‘ಕಾರನ್ನು ಹೇಗೆ ತಂದಿರಿ, ಹೇಗೆ ಇಟ್ಟಿರಿ?’ ಎಂದೂ ತಂದೆತಾಯಿಗಳು ಕೇಳಲಿ. ಆ ಉತ್ತರದಲ್ಲಿ ಅವರ ಕಲಿಕೆ ಎಷ್ಟೆಂಬುದು ತಿಳಿಯುತ್ತದೆ.