ಅರ್ಜಿ ಓದುವ ಯಂತ್ರ, ಉತ್ತರ ಹೇಳಬೇಕಾದ ಅಧಿಕಾರಿ

ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟ್ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು, ಮುಂಬಯಿಯ ಬ್ಯಾಂಕು-ಕಚೇರಿಗಳಲ್ಲಿ ನೌಕರಿ ಹಿಡಿದ ಹಿರಿಯರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಅವರ ಅರ್ಜಿಯನ್ನು ಓದಿದವರು ಮನುಷ್ಯರು. ಇಂದು ಅವರ ಮೊಮ್ಮಕ್ಕಳ ಅರ್ಜಿಯನ್ನು ಹಲವು ದೊಡ್ಡ ಸಂಸ್ಥೆಗಳಲ್ಲಿ ಮೊದಲು ಓದುವುದು ತಂತ್ರಾಂಶ. ಕೃತಕ ಬುದ್ಧಿಮತ್ತೆಯು ಆಡಳಿತ ನಿರ್ವಹಣೆಯಲ್ಲಿ ತಂದಿರುವ ಬದಲಾವಣೆಯನ್ನು ಅರಿಯಲು ನೇಮಕಾತಿಯೇ ಒಳ್ಳೆಯ ಉದಾಹರಣೆ.

ಅರ್ಹತೆ ಎಂದರೇನೆಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ಹಿಂದೆ ಯಾರು ಆಯ್ಕೆಯಾದರು ಎಂಬ ದಾಖಲೆಗಳನ್ನು ಅದಕ್ಕೆ ಉಣಿಸಲಾಗುತ್ತದೆ. ಹೊಸ ಅರ್ಜಿಯು ಅವುಗಳನ್ನು ಎಷ್ಟು ಹೋಲುತ್ತದೆ ಎಂಬುದನ್ನು ಅಳೆದು ಅದು ಅಂಕ ನೀಡುತ್ತದೆ.

ಅಮೆಜಾನ್ ಸಂಸ್ಥೆಯು 2014ರಲ್ಲಿ ಇಂತಹ ತಂತ್ರಾಂಶವೊಂದರ ರಚನೆಗೆ ತೊಡಗಿತು. ಹತ್ತು ವರ್ಷಗಳ ಅವಧಿಯಲ್ಲಿ ಬಂದಿದ್ದ ಅರ್ಜಿಗಳೇ ಅದರ ಪಾಠ. ಅವುಗಳಲ್ಲಿ ಹೆಚ್ಚಿನವು ಪುರುಷರವು. ಮರುವರ್ಷವೇ ದೋಷ ಕಂಡುಬಂತು: ಮಹಿಳಾ ಚದುರಂಗ ಸಂಘದ ನಾಯಕಿ ಎಂಬಂತಹ ಉಲ್ಲೇಖದಲ್ಲಿನ ‘ಮಹಿಳಾ’ ಶಬ್ದವೇ ಅಂಕ ಕಡಿಯಲು ಕಾರಣವಾಗುತ್ತಿತ್ತು. ಆ ಶಬ್ದಗಳ ಮಟ್ಟಿಗೆ ದೋಷ ತಿದ್ದಿದರೂ, ಬೇರೆ ದಾರಿಯಲ್ಲಿ ಅದೇ ತಾರತಮ್ಯ ನುಸುಳದೆಂಬ ಭರವಸೆ ಇರಲಿಲ್ಲ. ಕೊನೆಗೆ ಯೋಜನೆಯನ್ನೇ ಕೈಬಿಡಲಾಯಿತು. 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ವರದಿ ಮಾಡಿತು. ಯಂತ್ರಕ್ಕೆ ಸ್ತ್ರೀದ್ವೇಷವಿರಲಿಲ್ಲ, ಅದು ವಿಧೇಯ ವಿದ್ಯಾರ್ಥಿಯಂತೆ ಹಳೆಯ ರೂಢಿಯನ್ನು ಕಲಿತಿತ್ತು, ಅಷ್ಟೆ.

ಹಾಜರಿ, ಪಾಳಿ ಹಂಚಿಕೆ, ವಾರದ ವರದಿ ಮುಂತಾದ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸುವುದರಿಂದ ಅಧಿಕಾರಿಯ ಸಮಯ ಉಳಿಯುವುದು ನಿಜ. ಆದರೆ ತೀರ್ಮಾನದ ಹೊಣೆಯನ್ನು ಒಪ್ಪಿಸಲಾಗದು. “ಕಂಪ್ಯೂಟರ್ ಹಾಗೆ ಹೇಳಿತು” ಎಂಬ ಉತ್ತರವನ್ನು ಬ್ಯಾಂಕಿನ ಕಿಟಕಿಯ ಮುಂದೆ ನಿಂತು ನಾವೆಲ್ಲ ಕೇಳಿದವರೇ. ಒಬ್ಬನ ನೌಕರಿಯ ವಿಷಯದಲ್ಲಿ ಅದು ಉತ್ತರವಲ್ಲ. ಅಂಕ ಏಕೆ ಕಡಿಮೆಯಾಯಿತೆಂದು ವಿವರಿಸಲು, ಅಗತ್ಯವಿದ್ದರೆ ಅದನ್ನು ತಳ್ಳಿಹಾಕಲು ಬಲ್ಲವನೇ ಇನ್ನು ಸಂಸ್ಥೆಗೆ ಬೇಕಾದ ಅಧಿಕಾರಿ.

ಯುರೋಪಿನಲ್ಲಿ ಇದಕ್ಕೆ ಕಾನೂನಿನ ಬಲವಿದೆ. ಕೇವಲ ಯಂತ್ರವೇ ಕೈಗೊಂಡ, ಗಂಭೀರ ಪರಿಣಾಮವುಳ್ಳ ತೀರ್ಮಾನವನ್ನು ಪ್ರಶ್ನಿಸಿ ಮನುಷ್ಯರಿಂದ ಮರುಪರಿಶೀಲನೆ ಕೋರುವ ಹಕ್ಕು ಅಲ್ಲಿ 2018ರಿಂದ ಜಾರಿಯಲ್ಲಿದೆ. ನೇಮಕಾತಿ, ಬಡ್ತಿ, ವಜಾಗಳಲ್ಲಿ ಬಳಸುವ ತಂತ್ರಾಂಶಗಳನ್ನು 2024ರ ಕಾಯಿದೆಯು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಅಂತಹ ಮರುಪರಿಶೀಲನೆಯ ಹಕ್ಕನ್ನು ನಮೂದಿಸಿಲ್ಲ.

ಕಡಿಮೆ ಅಂಕ, ಅನುಭವದ ಜಾಗದಲ್ಲಿ ಹೋಟೆಲು ಕೆಲಸ: ರಾತ್ರಿ ಶಾಲೆಯ ಹುಡುಗನ ಆ ಅರ್ಜಿಯನ್ನು ಬದಿಗಿಡದೆ, “ಓದಲು ಸಮಯ ಎಲ್ಲಿ ಸಿಕ್ಕಿತಪ್ಪಾ?” ಎಂದು ಕೇಳಲು ಎದುರಿಗೆ ಒಬ್ಬ ಅಧಿಕಾರಿ ಕುಳಿತಿರಬೇಕಾಗುತ್ತದೆ.