ಬಿಡಿಸುವ ಕ್ರಮ

ಊರಿಗಾಮಿನ ಆಸುಪಾಸಿನ ಸಯನೈಡ್ ದಿಬ್ಬಗಳನ್ನು ಕಂಡವರು ಕೋಲಾರದ ಚಿನ್ನದ ಗಣಿಯ ಹೊರಮೈಯನ್ನಷ್ಟೇ ಕಂಡಂತೆ. 2001ರಲ್ಲಿ ಮುಚ್ಚಿದ ಆ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಅದಿರನ್ನು ತೆಗೆದಷ್ಟೂ ಉಳಿದ ಬಂಡೆಯ ಮೇಲೆ ಭಾರ ಹೆಚ್ಚುತ್ತಿತ್ತು. ತಾಳಲಾರದೆ ಅದು ಸಿಡಿದಾಗ ಕಾರ್ಮಿಕರ ಜೀವ ಹೋಗುತ್ತಿತ್ತು.

ಬಂಡೆಯೊಳಗಿನ ಒತ್ತಡ ಕಣ್ಣಿಗೆ ಕಾಣದು. ಗಣಿತವೇ ಅದನ್ನು ಕಾಣಿಸಬೇಕು. ಬಂಡೆಯನ್ನು ಸಾವಿರಾರು ತುಂಡುಗಳೆಂದು ಭಾವಿಸಿ, ಅವು ಕೂಡುವ ಒಂದೊಂದು ಬಿಂದುವಿಗೂ ಸಮೀಕರಣ ಬರೆಯುತ್ತಾರೆ. ಯಾವ ಬಿಂದುವಿಗೂ ನೆರೆಯ ಬಿಂದುಗಳೊಡನೆ ಮಾತ್ರ ಸಂಬಂಧ. ಆದ್ದರಿಂದ ಸಮೀಕರಣಗಳ ಕೋಷ್ಟಕದಲ್ಲಿ ಬಹುಪಾಲು ಸೊನ್ನೆಗಳೇ. ಸೊನ್ನೆಯಿದ್ದಲ್ಲಿ ಕಂಪ್ಯೂಟರಿಗೆ ಕೆಲಸವಿಲ್ಲ.

ಹಾಗಾದರೆ ತೊಡಕೆಲ್ಲಿ ಎಂದು ಓದುಗರು ಕೇಳಬಹುದು. ಒಂದು ಅಜ್ಞಾತವನ್ನು ತೊಡೆದುಹಾಕಿದೊಡನೆ ಅದರ ನೆರೆಯವೆಲ್ಲ ಒಂದಕ್ಕೊಂದು ಗಂಟುಬೀಳುತ್ತವೆ. ನಡುವೆ ಒಂದು ಅಜ್ಞಾತ, ಅದಕ್ಕೆ ಮಾತ್ರ ಅಂಟಿಕೊಂಡ ನೂರು ಅಜ್ಞಾತಗಳು ಎಂದು ಭಾವಿಸೋಣ. ನಡುವಿನದನ್ನು ಮೊದಲು ತೆಗೆದರೆ ಹೊಸ ಗಂಟುಗಳು 4,950. ಹೊರಗಿನವನ್ನು ಒಂದೊಂದಾಗಿ ಮೊದಲು ತೆಗೆದರೆ ಒಂದೂ ಇಲ್ಲ! ಉತ್ತರ ಒಂದೇ, ಶ್ರಮ ಮಾತ್ರ ಅಜಗಜಾಂತರ.

ನೂರರಲ್ಲಿ ಎರಡನ್ನು ಆರಿಸುವ ಬಗೆಗಳ ಸಂಖ್ಯೆಯೇ ಈ 4,950. ಹೀಗೆ ಎಣಿಸುವ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾರೆ. ಸಮೀಕರಣ ಬಿಡಿಸುವುದಕ್ಕೂ ಚುಕ್ಕೆ-ಗೆರೆಗಳ ಜಾಲಕ್ಕೂ ಇರುವ ನಂಟನ್ನು 1961ರಲ್ಲಿ ಪಾರ್ಟರ್ ತೋರಿಸಿದರು. ಪ್ರತಿ ಹೆಜ್ಜೆಯಲ್ಲೂ ಅತಿ ಕಡಿಮೆ ನೆರೆಯವರುಳ್ಳದ್ದನ್ನು ತೆಗೆಯುವ ಉಪಾಯವನ್ನು 1967ರಲ್ಲಿ ಟಿನ್ನಿ ಮತ್ತು ವಾಕರ್ ವಿದ್ಯುತ್ ಜಾಲಗಳ ಲೆಕ್ಕಕ್ಕೆ ಬಳಸಿದರು. ಅತ್ಯುತ್ತಮ ಕ್ರಮವನ್ನೇ ಹುಡುಕುವುದು ಮಾತ್ರ ಬಹು ಕಠಿಣವೆಂದು 1981ರಲ್ಲಿ ಯಾನಕಾಕಿಸ್ ಸಾಧಿಸಿದರು. ಅಂತೂ ಒಳ್ಳೆಯ ಕ್ರಮಕ್ಕೇ ತೃಪ್ತಿಪಡಬೇಕು.

1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ರೂಪುಗೊಂಡಿತು. ಅದರಂತೆ ಹಲವು ಸಂಸ್ಕಾರಕಗಳು ಒಟ್ಟಿಗೆ ದುಡಿಯುವ ಯಂತ್ರಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಕೆಲಸವನ್ನು ಸಮವಾಗಿ ಹಂಚಬೇಕು, ಅವುಗಳ ನಡುವಣ ಮಾತುಕತೆಯೂ ಮಿತವಾಗಿರಬೇಕು. ಜಾಲವನ್ನು ಎಲ್ಲಿ ಕತ್ತರಿಸಬೇಕು?

ಯಂತ್ರದ ವೇಗವನ್ನು ಕೊಂಡಾಡುವವರು ಬಹಳ, ಕ್ರಮವನ್ನು ನೆನೆಯುವವರು ವಿರಳ. ನನ್ನ ಮಟ್ಟಿಗೆ ಈ ಶಾಸ್ತ್ರದ ಹಿರಿಮೆಯಿರುವುದು ಆ ಕ್ರಮದಲ್ಲೇ. 1988ರಲ್ಲಿ ಈ ಗಣಿನಾಡಿನಲ್ಲೇ ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆ ಹುಟ್ಟಿದ್ದು ಆಕಸ್ಮಿಕವಲ್ಲ. ಯಾವ ಬಂಡೆಯನ್ನು ಮೊದಲು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದು ಇಲ್ಲಿ ವಿದ್ವಾಂಸರ ವಿನೋದವಾಗಿರಲಿಲ್ಲ. ಕೆಳಗಿಳಿದವನು ಸಂಜೆಗೆ ಮನೆ ಸೇರುವ ಪ್ರಶ್ನೆಯಾಗಿತ್ತು.