ಮಳೆ, ಮತ ಮತ್ತು ಲೋಕಾಭಿಪ್ರಾಯ

ಪ್ರಜಾಪ್ರಭುತ್ವದ ಜೀವಾಳವೇ ಲೋಕಾಭಿಪ್ರಾಯವೆಂದು ಪೌರನೀತಿಯ ಪಾಠದಲ್ಲಿ ನಾವು ಮಕ್ಕಳಿಗೆ ಬೋಧಿಸುತ್ತೇವೆ. ಆ ಅಭಿಪ್ರಾಯ ಮೊಳೆಯುವುದು ಅರಳಿಕಟ್ಟೆಯ ಮೇಲೆ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಚಹಾದ ಅಂಗಡಿಯ ಮುಂದೆ. ಅಲ್ಲಿ ಸೇರುವ ಜನರ ಮಾತು ಎಲ್ಲಿಂದ ಆರಂಭವಾದರೂ ಎರಡು ವಿಷಯಗಳನ್ನು ಮುಟ್ಟದೆ ಮುಗಿಯುವುದಿಲ್ಲ. ಒಂದು ಮಳೆ-ಬೆಳೆ, ಇನ್ನೊಂದು ರಾಜಕಾರಣ. ಇವೆರಡೂ ಇಂದು ಹಿಂದೆಂದಿಗಿಂತ ಹೆಚ್ಚಾಗಿ ಒಂದರೊಡನೊಂದು ಹೆಣೆದುಕೊಂಡಿವೆ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ನಮ್ಮ ನಿತ್ಯದ ಮಾತು ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪುತ್ತದೆ, ಮತಪೆಟ್ಟಿಗೆಯ ಕಾಲ ಸರಿದು ಮತಯಂತ್ರದ ಕಾಲ ಬಂದ ಮೇಲೆಯೂ ಆ ಮಾತಿಗೆ ಬೆಲೆ ಬರುವಂತೆ ಮಾಡುವುದು ಹೇಗೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ನಮ್ಮ ನಾಡಿನಲ್ಲಿ ಬಹುಕಾಲದಿಂದ ಕೇಳಿಬರುವ ಒಂದು ಅಭಿಪ್ರಾಯವಿದೆ. ಇಂಥವರು ಅಧಿಕಾರಕ್ಕೆ ಬಂದರೆ ಕೆರೆಕಟ್ಟೆಗಳು ತುಂಬುತ್ತವೆ, ಅಂಥವರು ಬಂದರೆ ಬರ ತಪ್ಪಿದ್ದಲ್ಲ ಎಂಬ 'ಕಾಲ್ಗುಣ'ದ ಮಾತು ಅದು. ಪಕ್ಷಭೇದವಿಲ್ಲದೆ ಎಲ್ಲರೂ ಒಂದಿಲ್ಲೊಂದು ಸಂದರ್ಭದಲ್ಲಿ ಇದನ್ನು ಆಡಿದ್ದಾರೆ. ಇದನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಶಿಕ್ಷಕರಾದವರು ಯಾವುದೇ ಅಭಿಪ್ರಾಯವನ್ನು ತಳ್ಳುವ ಮೊದಲು ಒರೆಗೆ ಹಚ್ಚಬೇಕು. 2023ನೆಯ ಇಸವಿಯನ್ನೇ ತೆಗೆದುಕೊಳ್ಳೋಣ. ಆ ವರ್ಷದ ಮೇ 10ರಂದು ಕರ್ನಾಟಕದಲ್ಲಿ ವಿಧಾನಸಭಾ ಚುನಾವಣೆ ನಡೆದು ಹೊಸ ಸರ್ಕಾರ ಬಂದಿತು; ಮುಂಗಾರು ಕೈಕೊಟ್ಟಿತು. ಕಾಲ್ಗುಣದ ಮಾತಿಗೆ ಸಾಕ್ಷಿ ದೊರೆತಂತಾಯಿತು. ಆದರೆ ಅದೇ ವರ್ಷ ನೆರೆಯ ಮಹಾರಾಷ್ಟ್ರದಲ್ಲಿ ಆಳುತ್ತಿದ್ದುದು ಇಲ್ಲಿಯ ಪಕ್ಷಕ್ಕೆ ವಿರೋಧಿಯಾದ ಕೂಟ. ಅಲ್ಲಿಯೂ ಮಳೆ ಬಾರದೆ, ಅಕ್ಟೋಬರ್ ಕೊನೆಯಲ್ಲಿ 40 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಇಡೀ ಭಾರತಕ್ಕೆ ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯ ಆಗಸ್ಟ್ ಆಗಿತ್ತು. ಮೂಲ ಕಾರಣಗಳಲ್ಲಿ ಮುಖ್ಯವಾದುದು ಸಾವಿರಾರು ಮೈಲಿ ದೂರದ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬೆಚ್ಚಗಾಗುವ 'ಎಲ್ ನಿನೊ' ಎಂಬ ವಿದ್ಯಮಾನ. ಅದಕ್ಕೆ ನಮ್ಮ ಯಾವ ಪಕ್ಷದ ಚಿಹ್ನೆಯ ಪರಿಚಯವೂ ಇಲ್ಲ.

ಹಾಗಾದರೆ ಜನರ ಮಾತು ಪೂರ್ತಿ ಸುಳ್ಳೆ? ಹಾಗೆ ಹೇಳಲಾಗದು. ಮಳೆ ಬಾರದಿರುವುದಕ್ಕೆ ಸರ್ಕಾರ ಕಾರಣವಲ್ಲವಾದರೂ, ಮಳೆ ಬಾರದ ಮೇಲೆ ಜನರ ಪಾಡು ಏನಾಗುತ್ತದೆಂಬುದಕ್ಕೆ ಸರ್ಕಾರವೇ ಹೊಣೆ. ಕಾಲ್ಗುಣದ ಮಾತಿನಲ್ಲಿ ಕಾರಣ ತಪ್ಪಾಗಿದೆ, ಹೊಣೆ ಸರಿಯಾಗಿದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ಇದೇ ತತ್ತ್ವವನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದ್ದಾರೆ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಮಡಿದರು. ಸ್ವತಂತ್ರ ಭಾರತದಲ್ಲಿ ಭೀಕರ ಬರಗಳು ಬಂದರೂ ಅಂಥ ಮಹಾಕ್ಷಾಮ ಮರುಕಳಿಸಲಿಲ್ಲ. ಚುನಾವಣೆ ಎದುರಿಸಬೇಕಾದ ಆಡಳಿತ ಮತ್ತು ಮುಕ್ತ ಪತ್ರಿಕೆಗಳು ಇರುವಲ್ಲಿ ಹಸಿವಿನ ಸಾವುಗಳನ್ನು ಕಡೆಗಣಿಸಿ ಕುಳಿತಿರಲು ಸಾಧ್ಯವಿಲ್ಲವೆಂಬುದು ಅವರ ವಾದದ ಸಾರ. ಆದರೆ ಅದೇ ವಾದಕ್ಕೆ ಅವರು ಸೇರಿಸಿದ ಎಚ್ಚರಿಕೆಯೊಂದು ನಮಗೆ ಹೆಚ್ಚು ಪ್ರಸ್ತುತ. ಕಣ್ಣಿಗೆ ಕಾಣುವ ವಿಪತ್ತಿಗೆ ಪ್ರಜಾಪ್ರಭುತ್ವ ಬೇಗ ಓಗೊಡುತ್ತದೆ. ಸದ್ದಿಲ್ಲದೆ ಸವೆಸುವ ಅಪೌಷ್ಟಿಕತೆಯಂಥ ಪಿಡುಗುಗಳಿಗೆ ನಿಧಾನವಾಗಿ ಓಗೊಡುತ್ತದೆ. ಹವಾಮಾನದ ಬದಲಾವಣೆ ಈ ಎರಡನೆಯ ಜಾತಿಗೆ ಸೇರಿದುದು. ಚುನಾವಣೆಯ ಲೆಕ್ಕ ಐದು ವರ್ಷದ್ದು; ಹವಾಗುಣದ ಲೆಕ್ಕ ಮೂವತ್ತು ವರ್ಷದ್ದು. ಈ ಅಂತರವನ್ನು ತುಂಬುವವರಾರು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮೂವತ್ತು ವರ್ಷವೆಂದುದಕ್ಕೆ ಕಾರಣವಿದೆ. ಇಂದಿನ ಬಿಸಿಲು, ನಾಳೆಯ ಮಳೆ ಇವು ಹವೆಯ ಸ್ಥಿತಿ. ಒಂದು ಪ್ರದೇಶದ ಹವೆಯನ್ನು ಸುಮಾರು ಮೂವತ್ತು ವರ್ಷಗಳ ಕಾಲ ಅಳೆದು ತೆಗೆದ ಸರಾಸರಿ ಗುಣವೇ ಹವಾಗುಣ. ಒಬ್ಬ ಮತದಾರನ ಒಂದು ಮತದಿಂದ ನಾಡಿನ ತೀರ್ಪನ್ನು ಊಹಿಸಲಾಗದಂತೆ, ಒಂದು ವರ್ಷದ ಬರದಿಂದ ಹವಾಗುಣ ಬದಲಾಯಿತೆಂದು ಹೇಳಲಾಗದು. ನಮ್ಮ ಹಿರಿಯರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ನೆನಪಿಟ್ಟರು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ಮಳೆಗೂ ಬಿತ್ತನೆಯ ಒಂದೊಂದು ಕೆಲಸವನ್ನು ಜೋಡಿಸಿದರು. ಇದು ಉಪೇಕ್ಷಿಸಬೇಕಾದ ತಿಳಿವಳಿಕೆಯಲ್ಲ. ತಲೆಮಾರುಗಳ ಅವಲೋಕನದ ಫಲ. ಆದರೆ ಮನುಷ್ಯನ ನೆನಪಿಗೆ ಒಂದು ದೌರ್ಬಲ್ಯವಿದೆ. ಅದು ದೊಡ್ಡ ಮಳೆಯನ್ನೂ ದೊಡ್ಡ ಬರವನ್ನೂ ಉಳಿಸಿಕೊಂಡು ನಡುವಿನ ಸಾಧಾರಣ ವರ್ಷಗಳನ್ನು ಮರೆತುಬಿಡುತ್ತದೆ. ಆದ್ದರಿಂದ 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂಬ ಮಾತು ನಿಜವೂ ಇರಬಹುದು, ನೆನಪಿನ ಆಟವೂ ಇರಬಹುದು. ಎರಡನ್ನೂ ಬೇರ್ಪಡಿಸುವ ಸಾಧನ ಲಿಖಿತ ದಾಖಲೆಯೊಂದೇ.

ದಾಖಲೆಗಳು ಹೇಳುವುದೇನು? ಕೈಗಾರಿಕಾ ಯುಗಕ್ಕೆ ಮುನ್ನ ವಾಯುಮಂಡಲದ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಕಲ್ಲಿದ್ದಲು, ಪೆಟ್ರೋಲಿಯಂಗಳ ದಹನವೇ ಇದಕ್ಕೆ ಪ್ರಧಾನ ಕಾರಣ. 2024ನೆಯ ವರ್ಷ, ಅಳತೆಗಳು ಆರಂಭವಾದಂದಿನಿಂದ ಅಂದಿನವರೆಗೆ ದಾಖಲಾದ ಅತ್ಯಂತ ಬಿಸಿಯಾದ ವರ್ಷವಾಗಿತ್ತು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಶೇಕಡಾ 7ರಷ್ಟು ಹೆಚ್ಚುತ್ತದೆಂಬುದು ಭೌತಶಾಸ್ತ್ರದ ನಿಯಮ. ಬಿಸಿಗಾಳಿ ನೆಲದ ತೇವವನ್ನು ಬೇಗ ಹೀರುತ್ತದೆ. ಸುರಿಯುವಾಗ ಒಮ್ಮೆಗೇ ಹೆಚ್ಚು ಸುರಿಯುತ್ತದೆ. ಹೀಗೆ ಒಂದೇ ಕಾರಣದಿಂದ ಬರವೂ ನೆರೆಯೂ ಉಲ್ಬಣಿಸಬಲ್ಲವು. ನಲವತ್ತು ದಿನಗಳಲ್ಲಿ ಹದವಾಗಿ ಬೀಳುವ 500 ಮಿಲಿಮೀಟರ್ ಮಳೆಯೂ, ಹತ್ತೇ ದಿನಗಳಲ್ಲಿ ಸುರಿದುಹೋಗುವ 500 ಮಿಲಿಮೀಟರ್ ಮಳೆಯೂ ವರ್ಷಾಂತ್ಯದ ಲೆಕ್ಕದಲ್ಲಿ ಒಂದೇ. ರಾಗಿಯ ಪೈರಿಗೆ, ಅಂತರ್ಜಲಕ್ಕೆ ಅವು ಒಂದೇ ಅಲ್ಲ. 2018ರಲ್ಲಿ ಬರವೆಂದು ಬಾಯಾರಿದ ಉತ್ತರ ಕರ್ನಾಟಕದ ಅನೇಕ ಭಾಗಗಳು 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪ್ರವಾಹದಲ್ಲಿ ಮುಳುಗಿದುದನ್ನು ನಾವು ಕಂಡಿದ್ದೇವೆ.

ಇಂಥ ಸಂದರ್ಭಗಳಲ್ಲಿ ಆಡಳಿತಯಂತ್ರ ಹೇಗೆ ನಡೆಯುತ್ತದೆಂಬುದನ್ನು ಮತದಾರರು ತಿಳಿದಿರಬೇಕು. ಬರವನ್ನು ಘೋಷಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಮಳೆಯ ಕೊರತೆ, ಮಳೆಯಿಲ್ಲದ ಸತತ ವಾರಗಳು, ಬಿತ್ತನೆಯ ವಿಸ್ತೀರ್ಣ, ಮಣ್ಣಿನ ತೇವಾಂಶ, ಉಪಗ್ರಹ ತೋರುವ ಹಸುರು, ಜಲಾಶಯ ಮತ್ತು ಅಂತರ್ಜಲದ ಮಟ್ಟ ಇವುಗಳನ್ನು ಪರಿಶೀಲಿಸಿ, ಹೊಲಗಳಿಗೆ ಹೋಗಿ ತಾಳೆ ನೋಡಿ ಘೋಷಿಸಬೇಕೆಂದು ಕೇಂದ್ರದ 2016ರ ಬರ ಕೈಪಿಡಿ ವಿಧಿಸುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಯಿತು. ರಾಜ್ಯವು ಕೇಂದ್ರದಿಂದ ಸುಮಾರು 18,171 ಕೋಟಿ ರೂಪಾಯಿಗಳನ್ನು ಕೋರಿತು. ಪ್ರಕರಣ 2024ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್ ಅಂತ್ಯದಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಆ ವೇಳೆಗೆ ರಾಜ್ಯದಲ್ಲಿ ಲೋಕಸಭಾ ಚುನಾವಣೆಯ ಒಂದು ಹಂತದ ಮತದಾನ ಮುಗಿದು ಇನ್ನೊಂದು ಬಾಕಿಯಿತ್ತು. ಯಾರು ಎಷ್ಟು ತಪ್ಪಿದರೆಂಬ ವಾದವನ್ನು ಪಕ್ಷಗಳಿಗೆ ಬಿಡೋಣ. ಮುಂಗಾರಿನಲ್ಲಿ ಪೈರು ಒಣಗಿದ ರೈತನಿಗೆ ಆ ಹಣದ ದಾರಿ ಮುಂದಿನ ಬೇಸಿಗೆಯವರೆಗೆ ಹಿಡಿಯಿತೆಂಬುದು ಮಾತ್ರ ನಿರ್ವಿವಾದ.

ಪರಿಹಾರಕ್ಕಿಂತ ಪೂರ್ವಸಿದ್ಧತೆ ಮೇಲು. ಅದನ್ನು ಕೇಳಬೇಕಾದರೆ ಯಾವ ಕೆಲಸ ಯಾರದೆಂಬುದು ಗೊತ್ತಿರಬೇಕು. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆ. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಜಿಲ್ಲಾ ಪಂಚಾಯಿತಿಗೆ ಸೇರುತ್ತವೆಂಬುದು ಸ್ಥೂಲವಾದ ವಿಭಜನೆ. ಊರ ಮುಂದಿನ ಚಿಕ್ಕ ಕೆರೆಯ ಹೂಳಿನ ಬಗೆಗೆ ಲೋಕಸಭೆಯ ಅಭ್ಯರ್ಥಿಯನ್ನು ತರಾಟೆಗೆ ತೆಗೆದುಕೊಂಡು ಫಲವಿಲ್ಲ. ವಿಪತ್ತು ನಿಧಿಯ ನಿಯಮ, 2070ರ ವೇಳೆಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವುದಾಗಿ 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ ಕೊಟ್ಟ ವಚನ ಇವನ್ನು ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ ಕೇಳಿ ಪ್ರಯೋಜನವಿಲ್ಲ. ಯಾವ ಪ್ರಶ್ನೆಯನ್ನು ಯಾವ ಚುನಾವಣೆಯಲ್ಲಿ ಕೇಳಬೇಕೆಂಬ ವಿವೇಕವೇ ಮತದಾರರ ಶಿಕ್ಷಣದ ಮೊದಲ ಪಾಠ.

ಈ ದೃಷ್ಟಿಯಿಂದ ನಮ್ಮ ನಾಡಿನ ಇತಿಹಾಸದಲ್ಲಿ ಹೆಮ್ಮೆಪಡುವ ಅಧ್ಯಾಯವೂ ಇದೆ, ವಿಷಾದಪಡುವ ಅಧ್ಯಾಯವೂ ಇದೆ. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಬರಪೀಡಿತ ಹಳ್ಳಿಗಳಿಗೆ ಕೊಳವೆ ಬಾವಿಗಳ ಮೂಲಕ ಕುಡಿಯುವ ನೀರನ್ನು ಒದಗಿಸಿ ಜನರಿಂದ 'ನೀರ್ ಸಾಬ್' ಎನಿಸಿಕೊಂಡರು. ಅವರೇ ರೂಪಿಸಿದ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ಜಿಲ್ಲೆಯ ನೀರಿನ ವಿಚಾರವನ್ನು ಜಿಲ್ಲೆಯ ಪ್ರತಿನಿಧಿಗಳೇ ನಿರ್ಧರಿಸುವ ದಾರಿ ತೆರೆಯಿತು. ಸಂವಿಧಾನದ 73ನೆಯ ತಿದ್ದುಪಡಿ ಇಡೀ ದೇಶಕ್ಕೆ ಅನ್ವಯವಾದುದು 1993ರಲ್ಲಿ. ಹೀಗೆ ದೇಶಕ್ಕೆ ಮೇಲ್ಪಂಕ್ತಿಯಾದ ಈ ನಾಡಿನಲ್ಲಿಯೇ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳಿಗೆ ಕ್ಷೇತ್ರ ವಿಂಗಡಣೆ, ಮೀಸಲಾತಿಗಳ ತೊಡಕಿನಿಂದ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2023ರ ಬರ ಬಂದಾಗ, ಚಿಕ್ಕ ಕೆರೆಗಳ ಒಡೆತನವುಳ್ಳ ಸಂಸ್ಥೆಯಲ್ಲಿ ಪ್ರಶ್ನಿಸಲು ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಕಟ್ಟೆಯ ಮೇಲಿನ ಮಾತಿಗೆ ಕಿವಿಗೊಡಬೇಕಾದ ಕುರ್ಚಿಯೇ ಬರಿದಾಗಿತ್ತು. ಮುಖ್ಯಮಂತ್ರಿ ಯಾರಾಗುವರೆಂದು ತಿಂಗಳುಗಟ್ಟಲೆ ಚರ್ಚಿಸುವ ನಾವು ಈ ಕೊರತೆಯ ಬಗೆಗೆ ಅಷ್ಟಾಗಿ ಮಾತನಾಡಲಿಲ್ಲವೆಂಬುದು ವಿಚಾರಾರ್ಹ.

ಬದಲಾಗುತ್ತಿರುವ ಹವಾಗುಣ ಚುನಾವಣೆಯ ವಿಷಯವಾಗುವ ಮೊದಲೇ ಚುನಾವಣೆಯ ಅಂಗಳಕ್ಕೆ ಕಾಲಿಟ್ಟಿದೆ. 2024ರ ಲೋಕಸಭಾ ಚುನಾವಣೆ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ಬಿರುಬೇಸಿಗೆಯಲ್ಲಿ ನಡೆಯಿತು; ಸುಮಾರು 64 ಕೋಟಿ ಜನ ಮತ ಚಲಾಯಿಸಿದರು. ಕೊನೆಯ ಹಂತದ ದಿನ ಉತ್ತರಪ್ರದೇಶವೊಂದರಲ್ಲಿಯೇ 33 ಮಂದಿ ಮತಗಟ್ಟೆ ಸಿಬ್ಬಂದಿ ಬಿಸಿಲಿನ ಝಳಕ್ಕೆ ಬಲಿಯಾದರೆಂದು ಅಲ್ಲಿಯ ಮುಖ್ಯ ಚುನಾವಣಾಧಿಕಾರಿ ಪ್ರಕಟಿಸಿದರು. ಚುನಾವಣೆಯನ್ನು ಒಂದು ತಿಂಗಳು ಮೊದಲೇ ಮುಗಿಸಬೇಕಾಗಿತ್ತೆಂದು ಅಂದಿನ ಮುಖ್ಯ ಚುನಾವಣಾ ಆಯುಕ್ತರೇ ಒಪ್ಪಿಕೊಂಡರು. ಮತಗಟ್ಟೆಗಳ ಕರ್ತವ್ಯಕ್ಕೆ ಹೋಗುವವರಲ್ಲಿ ಶಿಕ್ಷಕರ ಸಂಖ್ಯೆ ದೊಡ್ಡದು. ಹೆಚ್ಚಿನ ಮತಗಟ್ಟೆಗಳು ಇರುವುದೂ ಶಾಲೆಗಳಲ್ಲಿಯೇ. ಆದಕಾರಣ ಇದು ನಮ್ಮ ಬಳಗಕ್ಕೆ ದೂರದ ಸುದ್ದಿಯಾಗಲಾರದು.

ಶಾಲೆಯಾದುದು ಮಾಡಬಹುದಾದುದೇನು? ಪಕ್ಷರಾಜಕಾರಣ ಶಾಲೆಯ ಕೆಲಸವಲ್ಲ. ಅಭಿಪ್ರಾಯಕ್ಕೆ ಆಧಾರ ಒದಗಿಸುವುದು ಖಂಡಿತವಾಗಿಯೂ ಶಾಲೆಯ ಕೆಲಸ. ಒಂದು ಮಳೆಮಾಪಕ, ಒಂದು ಉಷ್ಣತಾಮಾಪಕ, ಒಂದು ದಪ್ಪ ರಟ್ಟಿನ ವಹಿ ಇಷ್ಟಿದ್ದರೆ ಸಾಕು. ಹವಾಮಾನ ಇಲಾಖೆಯ ಪದ್ಧತಿಯಂತೆ ಪ್ರತಿದಿನ ಬೆಳಿಗ್ಗೆ 8-30ಕ್ಕೆ ವಿದ್ಯಾರ್ಥಿಗಳು ಸರದಿಯ ಮೇಲೆ ಅಳೆದು ಬರೆಯಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ಹರಡಿದೆ. ಅದರ ಅಂಕಿಗಳೊಡನೆ ನಮ್ಮ ಅಂಕಿಗಳನ್ನು ಹೋಲಿಸಲಿ. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಈ ಲೆಕ್ಕದಂತೆ 500 ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಮೂರು ಲಕ್ಷ ಲೀಟರ್ ನೀರಾಯಿತು. ಅದರಲ್ಲಿ ಒಂದಂಶ ಪೋಲಾದರೂ ಉಳಿದುದು ಸಣ್ಣ ಸಂಪತ್ತಲ್ಲ. ಕಟ್ಟಡಕ್ಕೆ ಉದಾರವಾಗಿ ನೆರವಾಗುವ ದಾನಿಗಳು ಅದರ ಮಾಳಿಗೆಯ ನೀರನ್ನು ಹಿಡಿಯುವ ತೊಟ್ಟಿಗೂ ಮನಸ್ಸು ಮಾಡಿದರೆ, ಬರಗಾಲದಲ್ಲಿ ಆ ದಾನದ ಬೆಲೆ ಇಮ್ಮಡಿಯಾಗುವುದು.

ಇಂದು ಎಂಟನೆಯ ತರಗತಿಯ ಬಾಲಕಿ ಬರೆಯುವ ಮೊದಲ ಅಂಕಿ ಅವಳಿಗೆ ಹದಿನೆಂಟು ತುಂಬುವ ಹೊತ್ತಿಗೆ ಐದಾರು ವರ್ಷಗಳ ದಾಖಲೆಯ ಭಾಗವಾಗಿರುತ್ತದೆ. ಅವಳ ಮಕ್ಕಳು ಇದೇ ಶಾಲೆಗೆ ಬರುವ ವೇಳೆಗೆ ಹವಾಗುಣದ ಮೂವತ್ತು ವರ್ಷಗಳ ಲೆಕ್ಕಕ್ಕೆ ಸಮೀಪಿಸಿರುತ್ತದೆ. ಮತಕೇಳಲು ಬಂದವರ ಮುಂದೆ ಆಕೆ ಕಾಲ್ಗುಣದ ಮಾತನ್ನಾಡಬೇಕಾಗಿಲ್ಲ. ಇಷ್ಟು ವರ್ಷಗಳಲ್ಲಿ ಇಷ್ಟು ಮಳೆ ಬಿದ್ದಿದೆ, ಕೆರೆ ಇಷ್ಟು ಬಾರಿ ತುಂಬಿದೆ, ಹೂಳೆತ್ತಿದ್ದು ಇಂಥ ವರ್ಷ, ಮುಂದೆ ತಾವು ಏನು ಮಾಡುವಿರಿ ಎಂದು ವಹಿ ತೆರೆದು ಕೇಳಬಹುದು. ಉತ್ತರ ಕೊಡುವವರು ಯಾವ ಪಕ್ಷದವರೇ ಆಗಿರಲಿ, ಅಂಥ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಹಳೆಯ ವಿದ್ಯಾರ್ಥಿಗಳೂ ಹಿತೈಷಿಗಳೂ ಸೇರಿ ಮುಂದಿನ ಮುಂಗಾರಿಗೆ ಮುನ್ನವೇ ಇಂಥದೊಂದು ವಹಿಯ ಮೊದಲ ಪುಟವನ್ನು ತೆರೆಸುವಂತಾಗಲಿ.